ಗಾಡಿ ಕೆಟ್ಟರೆ ಓಡಿಸಿದವರ ತಪ್ಪೇ?

ಹೊಸ ಕಾರು ವರ್ಷ ತುಂಬುವ ಮೊದಲೇ ಕೆಟ್ಟು ನಿಂತಿತು ಎಂದು ನಾಲ್ಕು ಜನರ ಮುಂದೆ ಹೇಳಿ ನೋಡಿ. ಆ ಕಾರು ಮಾಡಿದವರ ಬಗ್ಗೆ ಯಾರೂ ಏನೂ ಕೇಳುವುದಿಲ್ಲ. "ಹಾಫ್ ಕ್ಲಚ್ ಹಿಡ್ಕೊಂಡೇ ಓಡಿಸ್ತೀಯೇನೋ?" "ಪೆಟ್ರೋಲ್ ಯಾವ ಬಂಕಲ್ಲಿ ಹಾಕಿಸ್ತೀಯ?" "ಸರ್ವೀಸ್ ಡೇಟ್ ತಪ್ಪಿಸಿದ್ಯಾ?" ಎಂದು ವಿಚಾರಣೆ ಶುರುವಾಗುತ್ತದೆ. ಮೂರಕ್ಕೂ ಸರಿಯಾದ ಉತ್ತರ ಸಿಕ್ಕಿತೆನ್ನಿ, ಆಗ ಸಮಾಧಾನದ ಮಾತು ಬರುತ್ತದೆ: "ಸಾವಿರಕ್ಕೊಂದು ಗಾಡಿ ಹಂಗೇ ಬರುತ್ತೆ, ನಿನ್ನ ಗ್ರಹಚಾರ ಬಿಡು. ವಾರಂಟಿ ಇದೆಯಲ್ಲ, ಕಂಪನಿಯವ್ರು ಮಾಡಿಕೊಡ್ತಾರೆ."

ತಪ್ಪು ಓಡಿಸಿದವರದು, ಅವರದಲ್ಲದಿದ್ದರೆ ಹಣೆಬರಹದ್ದು, ರಿಪೇರಿ ಮಾತ್ರ ಕಂಪನಿಯ ದೊಡ್ಡತನ. ಕಾರಿನ ಬಗ್ಗೆ ನಮ್ಮಲ್ಲಿರುವ ಸಾಮಾನ್ಯ ತಿಳಿವಳಿಕೆ ಇಷ್ಟೇ. ಇದು ಬುಡದಿಂದಲೇ ತಪ್ಪು. ತಪ್ಪಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಕಾರು ಕಂಪನಿಗಳು ಯಾವ ಜಾಹೀರಾತಿಗೆ ಎಷ್ಟು ಕೋಟಿ ಸುರಿದರೂ ಸಿಗದ ರಕ್ಷಣೆಯನ್ನು ಈ ತಿಳಿವಳಿಕೆ ಅವುಗಳಿಗೆ ಪುಕ್ಕಟೆಯಾಗಿ ಕೊಡುತ್ತಿದೆ. ಎಂಟು ಹತ್ತು ಲಕ್ಷ ಸಾಲ ಮಾಡಿ ಕಾರು ತಂದವರು ದೂರು ಕೊಡುವ ಮೊದಲೇ ನಾಚಿಕೊಳ್ಳುವಂತೆ ಮಾಡುತ್ತಿದೆ.

ದೊಡ್ಡತನದ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಯಾವುದೇ ಕಾರು ಕಂಪನಿಯ ವಾರ್ಷಿಕ ವರದಿ ತೆರೆದರೂ ವಾರಂಟಿ ರಿಪೇರಿಗೆಂದು ಮುಂಗಡವಾಗಿ ಎತ್ತಿಟ್ಟ ಹಣದ ಬಾಬತ್ತು ಕಾಣುತ್ತದೆ. ಹಾಗೆ ಎತ್ತಿಡಬೇಕೆಂದು ಲೆಕ್ಕಪತ್ರದ ನಿಯಮಗಳೇ ಹೇಳುತ್ತವೆ. ಮಾರಿದ ಗಾಡಿಗಳಲ್ಲಿ ಎಷ್ಟು ಕೆಡಬಹುದು, ಸರಿಪಡಿಸಲು ಎಷ್ಟು ಖರ್ಚಾಗಬಹುದು ಎಂದು ಹಿಂದಿನ ಅನುಭವದಿಂದ ಅಂದಾಜು ಮಾಡಿ ಆ ಮೊತ್ತ ನಿಗದಿಯಾಗುತ್ತದೆ. ಉಳಿದೆಲ್ಲ ಖರ್ಚಿನಂತೆ ಅದೂ ಕಾರಿನ ಬೆಲೆಯೊಳಗೇ ಸೇರಿರುತ್ತದೆ. ಅಂದರೆ ನಮ್ಮ ಗೇರ್‌ಬಾಕ್ಸ್ ಕೆಟ್ಟರೆ ಆಗುವ ರಿಪೇರಿಯ ದುಡ್ಡನ್ನು ಶೋರೂಮಿನಲ್ಲಿ ಕೀಲಿ ಕೈಗೆ ಬಂದ ದಿನವೇ ನಾವು ಕೊಟ್ಟಾಗಿದೆ. ಕೆಡದ ಗಾಡಿಯವರೂ ಕೊಟ್ಟಿದ್ದಾರೆ. ವಾರಂಟಿ ಕ್ಲೇಮನ್ನು ತಿರಸ್ಕರಿಸಿದಾಗಲೆಲ್ಲ ನಾವು ಕೊಟ್ಟ ಹಣದಲ್ಲಿ ಒಂದಿಷ್ಟು ಕಂಪನಿಯ ಹತ್ತಿರವೇ ಉಳಿಯುತ್ತದೆ. ಸರ್ವೀಸ್ ಸೆಂಟರಿನ ಕೌಂಟರಿನಲ್ಲಿ ಕೈಮುಗಿದು ನಿಲ್ಲುವವರು ಇದನ್ನು ನೆನಪಿಡಬೇಕು. ಅಲ್ಲಿ ಕೇಳುತ್ತಿರುವುದು ಬಾಕಿ ವಸೂಲಿ.

ಇನ್ನು ಓಡಿಸುವವರ ತಪ್ಪಿನ ಮಾತು. ಕೆಟ್ಟದಾಗಿ ಓಡಿಸುವವರು ಇದ್ದೇ ಇದ್ದಾರೆ, ಆಯಿಲ್ ಬದಲಿಸದೆ ಎಂಜಿನ್ ಸೀಜ್ ಮಾಡಿಕೊಂಡವರೂ ಇದ್ದಾರೆ. ಅವರ ಪರವಾಗಿ ನಾನು ಮಾತಾಡುತ್ತಿಲ್ಲ. ಆದರೆ "ನಿಮ್ಮ ಡ್ರೈವಿಂಗ್ ಸ್ಟೈಲ್ ಸರಿಯಿಲ್ಲ" ಎಂಬ ವಾಕ್ಯ ಒಂದು ದೊಡ್ಡ ಕಂಪನಿಯ ಬಾಯಲ್ಲಿ ಹೇಗೆ ಆಯುಧವಾಗಿತ್ತು ಎಂಬುದಕ್ಕೆ ನ್ಯಾಯಾಲಯದ ದಾಖಲೆಯೇ ಇದೆ. ಫೋರ್ಡ್ ಕಂಪನಿ ಫಿಯೆಸ್ಟಾ, ಫೋಕಸ್, ಇಕೋಸ್ಪೋರ್ಟ್ ಕಾರುಗಳಿಗೆ ಪವರ್‌ಶಿಫ್ಟ್ ಎಂಬ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಹಾಕಿತ್ತು. ಆಸ್ಟ್ರೇಲಿಯಾದಲ್ಲಿ ಅಂಥ ಸುಮಾರು 70,000 ಕಾರುಗಳು ಮಾರಾಟವಾದವು. ಹೊರಡುವಾಗ ಗಾಡಿ ಗಡಗಡ ನಡುಗುವುದು, ವೇಗ ಹೆಚ್ಚಿಸಿದರೆ ಎಳೆಯದಿರುವುದು, ಓಡುತ್ತಿರುವಾಗಲೇ ಎಳೆತ ಕಳೆದುಕೊಳ್ಳುವುದು, ಹೀಗೆ ದೂರುಗಳು ಸಾಲುಗಟ್ಟಿದವು. ಗೇರ್‌ಬಾಕ್ಸಿನಲ್ಲೇ ದೋಷವಿದೆಯೆಂದು ಕಂಪನಿಗೆ ಗೊತ್ತಿತ್ತು. ಆದರೂ ಎಷ್ಟೋ ಗ್ರಾಹಕರಿಗೆ ಹೇಳಿದ್ದು, ನೀವು ಓಡಿಸುವ ರೀತಿಯಿಂದ ಹೀಗಾಗುತ್ತಿದೆ ಎಂದು. ಒಮ್ಮೊಮ್ಮೆ ಮಾತ್ರ ಕಾಣಿಸುವ ತೊಂದರೆಯನ್ನು ಮೆಕ್ಯಾನಿಕ್‌ನ ಎದುರಿಗೇ ಮಾಡಿ ತೋರಿಸಿ ಎಂದರು. ಹಣ ವಾಪಸ್ ಕೇಳಿದವರಿಗೆ, ಮೇಲೆ ಇನ್ನಷ್ಟು ಹಣ ಹಾಕಿ ಬೇರೆ ಕಾರು ತೆಗೆದುಕೊಳ್ಳುವ ಯೋಜನೆ ತೋರಿಸಿದರು. ಅಲ್ಲಿನ ಸ್ಪರ್ಧೆ ಮತ್ತು ಗ್ರಾಹಕ ಆಯೋಗ ದಾವೆ ಹೂಡಿತು. 2018ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ, ಗ್ರಾಹಕರೊಂದಿಗೆ ಕಂಪನಿ ನಡೆದುಕೊಂಡ ರೀತಿ ಆತ್ಮಸಾಕ್ಷಿಗೆ ವಿರುದ್ಧವಾದದ್ದೆಂದು ಘೋಷಿಸಿ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು.

ಆ ತೀರ್ಪು ಬರುವ ತನಕ ಅಲ್ಲಿನ ಎಷ್ಟು ಮನೆಗಳಲ್ಲಿ, ಎಷ್ಟು ಗೆಳೆಯರ ನಡುವೆ "ನಿನಗೆ ಗಾಡಿ ಓಡಿಸೋಕೆ ಬರಲ್ಲ" ಎಂಬ ಮಾತು ಓಡಾಡಿರಬೇಕು! ಮನುಷ್ಯ ತನ್ನ ಕಣ್ಣು, ಕಿವಿ, ಕಾಲಿನ ಅಂದಾಜನ್ನೇ ನಂಬದಂತಾಗುವುದು ಸಣ್ಣ ನಷ್ಟವಲ್ಲ. ಇನ್ವಾಯ್ಸಿನಲ್ಲಿ ಅದಕ್ಕೆ ಸಾಲೇ ಇರುವುದಿಲ್ಲ.

ಇದು ಫೋರ್ಡ್ ಒಂದರ ಕಥೆಯಲ್ಲ. ಫೋಕ್ಸ್‌ವ್ಯಾಗನ್ನಿನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿನ ಬಗ್ಗೆ ಚೀನಾದ ಮಾಲೀಕರು ಬಹುಕಾಲ ದೂರುತ್ತಿದ್ದರು. 2013ರ ಮಾರ್ಚ್ 15ರಂದು ಅಲ್ಲಿನ ಸರ್ಕಾರಿ ಟಿವಿ ಗ್ರಾಹಕ ದಿನದ ಕಾರ್ಯಕ್ರಮದಲ್ಲಿ ಅದನ್ನು ದೇಶಕ್ಕೆಲ್ಲ ತೋರಿಸಿತು. ಕೆಲವೇ ದಿನಗಳಲ್ಲಿ 3,84,181 ಕಾರುಗಳನ್ನು ವಾಪಸ್ ಕರೆಸಿ ಸರಿಪಡಿಸುವುದಾಗಿ ಕಂಪನಿ ಒಪ್ಪಿಕೊಂಡಿತು. ಅದೇ ವರ್ಷದ ನವೆಂಬರ್‌ನಲ್ಲಿ ಜಗತ್ತಿನಾದ್ಯಂತ ಇನ್ನೂ ಹೆಚ್ಚು ಕಾರುಗಳನ್ನು ಕರೆಸಿ ಗೇರ್‌ಬಾಕ್ಸಿನ ಆಯಿಲ್ಲನ್ನೇ ಬದಲಿಸಿತು. ಚೀನಾದ ಚಾಲಕರು ಆ ಮಾರ್ಚ್ ತಿಂಗಳಲ್ಲಿ ಒಮ್ಮೆಗೇ ಓಡಿಸಲು ಕಲಿತರೇ? ಕಾರುಗಳು ಮೊದಲಿನವೇ, ಚಾಲಕರೂ ಮೊದಲಿನವರೇ. ಬದಲಾದದ್ದು ಕಂಪನಿಯ ಮೇಲೆ ಬಿದ್ದ ಒತ್ತಡ.

ನಮ್ಮ ಸರ್ವೀಸ್ ಸೆಂಟರುಗಳಲ್ಲಿ ಕೇಳಿಬರುವ ಎರಡು ಮಾತುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಒಂದು, "ನೀವು ಓಡಿಸೋದ್ರಲ್ಲೇ ಏನೋ ಇದೆ ಸರ್, ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ." ಇನ್ನೊಂದು, "ಈ ಮಾಡೆಲ್‌ನಲ್ಲಿ ಎಲ್ಲಾ ಗಾಡಿಯಲ್ಲೂ ಹೀಗೇ ಇರುತ್ತೆ ಸರ್, ನಾರ್ಮಲ್." ಎರಡನ್ನೂ ಒಬ್ಬರೇ ಒಂದೇ ದಿನ ಹೇಳಿದ್ದನ್ನು ಕೇಳಿಸಿಕೊಂಡಿದ್ದೇನೆ. ಈ ಗಾಡಿಯಲ್ಲಿ ಮಾತ್ರ ಇದ್ದರೆ ಅದು ತಯಾರಿಕೆಯ ದೋಷ. ಎಲ್ಲ ಗಾಡಿಯಲ್ಲೂ ಇದ್ದರೆ ವಿನ್ಯಾಸದ ದೋಷ. ಯಾವ ದಾರಿಯಲ್ಲಿ ಹೋದರೂ ಕೊನೆಗೆ ಸಿಗುವುದು ಕಾರ್ಖಾನೆಯ ಗೇಟೇ.

ನನ್ನ ತಂಗಿ ತೀರ್ಥಹಳ್ಳಿಯ ಕಡೆ ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಬಸ್ಸಿನ ಸಮಯ ಹೊಂದದ್ದಕ್ಕೆ ಸಾಲ ಮಾಡಿ ಆಟೋಮ್ಯಾಟಿಕ್ ಕಾರು ತಂದಳು. ಏರಿನಲ್ಲಿ, ಅದೂ ಮಳೆಗಾಲದ ತಿರುವುಗಳಲ್ಲಿ, ಗಾಡಿ ಇದ್ದಕ್ಕಿದ್ದಂತೆ ಎಳೆತ ಬಿಟ್ಟುಬಿಡುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಒಂದು ನಿಮಿಷ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಕಂಪನಿಯ ಸರ್ವೀಸ್ ಸೆಂಟರ್ ಇರುವುದು ಶಿವಮೊಗ್ಗದಲ್ಲಿ. ಅಷ್ಟು ದೂರ ಒಯ್ದರೆ ಅಲ್ಲಿನ ಸಮತಟ್ಟು ರಸ್ತೆಯಲ್ಲಿ ಎರಡು ಸುತ್ತು ಹೊಡೆಸಿ, ಸ್ಕ್ಯಾನರ್ ಚುಚ್ಚಿ, "ಎರರ್ ಕೋಡ್ ಯಾವುದೂ ತೋರಿಸ್ತಿಲ್ಲ ಮೇಡಂ, ಅಬ್ಸರ್ವ್ ಮಾಡಿ" ಎಂದು ಕಳಿಸುವುದು. ಮತ್ತೆ ಹೋದರೆ ಸಾಫ್ಟ್‌ವೇರ್ ಅಪ್‌ಡೇಟ್. ಇನ್ನೊಮ್ಮೆ ಹೋದಾಗ ಸೂಪರ್‌ವೈಸರ್ ಕೇಳಿದ ಪ್ರಶ್ನೆ ನನಗೆ ಈಗಲೂ ಮೈ ಉರಿಸುತ್ತದೆ: "ಮನೇಲಿ ಗಂಡಸರು ಯಾರಾದ್ರೂ ಓಡಿಸಿ ನೋಡಿದಾರಾ ಮೇಡಂ?" ನೋಡಿದ್ದರು. ಭಾವ ಓಡಿಸಿದಾಗಲೂ ಗಾಡಿ ಹಾಗೇ ನಿಂತಿತ್ತು. ಭಾವ ಓಡಿಸಿದ ಮಾತು ಬರುವ ತನಕ ಅವಳ ದೂರು ಜಾಬ್ ಕಾರ್ಡಿನಲ್ಲಿ "ಜನರಲ್ ಚೆಕಪ್" ಎಂದು ನಮೂದಾಗುತ್ತಿತ್ತು. ಹೀಗೆ ಬರೆದುಕೊಳ್ಳುವುದರಿಂದ ಆಗುವ ಅನಾಹುತವೇನೆಂದರೆ, ವಾರಂಟಿ ಮುಗಿದ ಮೇಲೆ ಗೇರ್‌ಬಾಕ್ಸ್ ಪೂರ್ತಿ ಕೈಕೊಟ್ಟರೆ ಹಳೆಯ ದಾಖಲೆಯಲ್ಲಿ ಆ ದೂರೇ ಇರುವುದಿಲ್ಲ. ಮೊದಲ ತಿಂಗಳಿಂದ ಹೇಳುತ್ತಲೇ ಬಂದದ್ದು ಕಾಗದದ ಮೇಲೆ ನಡೆದೇ ಇಲ್ಲ.

ಘಾಟಿಯ ತಿರುವಿನಲ್ಲಿ ಹಿಂದಿನಿಂದ ಲಾರಿ ಬರುತ್ತಿರುವಾಗ ಎಳೆತ ಬಿಡುವ ಕಾರನ್ನು "ಅಬ್ಸರ್ವ್ ಮಾಡಿ" ಎಂದು ಮನೆಗೆ ಕಳಿಸುವುದು ಬರೀ ಅಸಡ್ಡೆಯಲ್ಲ. ಪರೀಕ್ಷೆ ಮಾಡಬೇಕಾದ ಕೆಲಸವನ್ನು ಆ ಹೆಂಗಸಿನ ಜೀವದ ಮೇಲೆ ಹೊರಿಸಿದ ಹಾಗೆ.

ಇಲ್ಲಿ ಒಂದು ಮಾತು ಹೇಳಬೇಕು. ಅಲ್ಲಿ ಕೆಲಸ ಮಾಡುವ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರನ್ನು ಕೂರಿಸಿರುವ ವ್ಯವಸ್ಥೆಯೇ ಹಾಗಿದೆ. ಹೊಸ ಕಾರು ಮಾರಿದರೆ ಡೀಲರಿಗೆ ಸಿಗುವ ಲಾಭ ತೆಳು. ವರ್ಕ್‌ಶಾಪ್, ವಿಮೆ, ಆಕ್ಸೆಸರಿಗಳಿಂದ ಅಂಗಡಿ ನಡೆಯಬೇಕು. ವಾರಂಟಿ ಕೆಲಸಕ್ಕೆ ಗ್ರಾಹಕರ ಬದಲು ಕಂಪನಿ ದುಡ್ಡು ಕೊಡುತ್ತದೆ. ಎಷ್ಟು ಗಂಟೆಯ ಕೆಲಸ, ಗಂಟೆಗೆ ಎಷ್ಟು ಕೂಲಿ ಎಂಬುದನ್ನೂ ಕಂಪನಿಯೇ ಗೊತ್ತುಮಾಡುತ್ತದೆ. ಎರಡು ದಿನ ತಲೆಕೆಡಿಸಿಕೊಂಡು ಹುಡುಕಿದ ದೋಷಕ್ಕೂ ಆ ಪಟ್ಟಿಯಲ್ಲಿರುವಷ್ಟೇ ಹೊತ್ತು. ಬಿಚ್ಚಿದ ಬಿಡಿಭಾಗವನ್ನು ಕಾಪಿಡಬೇಕು, ಫೋಟೊ ಕಳಿಸಬೇಕು, ಅನುಮತಿಗೆ ಕಾಯಬೇಕು. ಕ್ಲೇಮು ತಿರಸ್ಕಾರವಾದರೆ ಖರ್ಚು ಡೀಲರ್ ತಲೆಗೆ. ಪಕ್ಕದ ಬೇಯಲ್ಲಿ ದುಡ್ಡು ಕೊಡುವ ಗಾಡಿ ನಿಂತಿರುತ್ತದೆ: ಎಂಜಿನ್ ಡೀಕಾರ್ಬನೈಸಿಂಗ್, ಎಸಿ ಡಿಸ್‌ಇನ್‌ಫೆಕ್ಷನ್, ಅಂಡರ್‌ಬಾಡಿ ಕೋಟಿಂಗ್. ಇಷ್ಟು ಮಾರಬೇಕು ಎಂದು ಸರ್ವೀಸ್ ಅಡ್ವೈಸರಿಗೆ ತಿಂಗಳ ಗುರಿ ಇರುತ್ತದೆ. ಕಷ್ಟದ ವಾರಂಟಿ ಗಾಡಿ ಮೂಲೆಗೆ ಹೋಗುವುದು, "ಪಾರ್ಟ್ ಬಂದಿಲ್ಲ ಸರ್, ಪುಣೆಯಿಂದ ಬರಬೇಕು" ಎಂಬ ಉತ್ತರ ವಾರಗಟ್ಟಲೆ ಬರುವುದು ಈ ಲೆಕ್ಕಾಚಾರದಿಂದ.

ಗಾಡಿ ಮನೆಗೆ ಬಂದ ಮೇಲೆ ಅದೇ ಹುಡುಗ ಫೋನ್ ಮಾಡುತ್ತಾನೆ. "ಸರ್, ಕಂಪನಿಯಿಂದ ಫೀಡ್‌ಬ್ಯಾಕ್ ಕಾಲ್ ಬರುತ್ತೆ. ದಯವಿಟ್ಟು 10ಕ್ಕೆ 10 ಕೊಡಿ ಸರ್. 9 ಕೊಟ್ರೂ ನಮಗೆ ಫೇಲ್ ಲೆಕ್ಕ." ಅವನ ದನಿಯಲ್ಲಿ ನಿಜವಾದ ಭಯವಿರುತ್ತದೆ. ಸರಿಯಾಗದ ಗಾಡಿಗೂ ನಾವು 10 ಕೊಡುತ್ತೇವೆ, ಅವನ ಸಂಬಳ ಹೋಗದಿರಲಿ ಎಂದು. ಹೀಗೆ ಕರುಣೆಯಿಂದ ಕೊಟ್ಟ ಅಂಕಗಳೆಲ್ಲ ಒಟ್ಟಾಗಿ, ಗ್ರಾಹಕರು ತೃಪ್ತರಾಗಿದ್ದಾರೆ ಎಂಬ ಜಾಹೀರಾತಾಗಿ ನಮ್ಮ ಮುಂದೆಯೇ ಬರುತ್ತವೆ. ಕಂಪನಿಗೆ ಮುಟ್ಟಬೇಕಾದ ಸಿಟ್ಟನ್ನು ತಡೆದು ನಿಲ್ಲಿಸಲು ಬಡ ನೌಕರನನ್ನು ಮಧ್ಯೆ ನಿಲ್ಲಿಸಿದ್ದಾರೆ. ನಾವು ಈ ಫೋನಿಗೆ ಸೋಲಬಾರದು. ಅವನ ನಡತೆ ಒಳ್ಳೆಯದಿದ್ದರೆ ಹಾಗೆಂದು ಹೇಳಬೇಕು, ಗಾಡಿ ಸರಿಯಾಗಿಲ್ಲದಿದ್ದರೆ ಅದನ್ನೂ ಹೇಳಬೇಕು.

ವಾರಂಟಿ ಪುಸ್ತಕವನ್ನು ಕೊಳ್ಳುವಾಗ ಓದುವವರು ಕಡಿಮೆ. ಕೆಟ್ಟ ಮೇಲೆ ಓದಿದರೆ ಅದರ ಅರ್ಧ ಭಾಗ ಏನು ಸಿಗುವುದಿಲ್ಲ ಎಂಬ ಪಟ್ಟಿ ಎಂದು ತಿಳಿಯುತ್ತದೆ. ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ವೈಪರ್, ಬಲ್ಬು ಸವೆಯುವ ವಸ್ತುಗಳು, ಇರಲಿ. ಟೈರು, ಬ್ಯಾಟರಿಗೆ ಅವುಗಳ ತಯಾರಕರನ್ನು ಕೇಳಬೇಕು. ಸದ್ದು, ಕಂಪನ ಗಾಡಿಯ ಕೆಲಸಕ್ಕೆ ಅಡ್ಡಿ ಮಾಡದಿದ್ದರೆ ಲೆಕ್ಕಕ್ಕಿಲ್ಲ. ಅಡ್ಡಿ ಮಾಡುತ್ತದೋ ಇಲ್ಲವೋ ತೀರ್ಮಾನಿಸುವುದು ಕಂಪನಿ. ಗಾಡಿ ವರ್ಕ್‌ಶಾಪಿನಲ್ಲಿದ್ದಷ್ಟು ದಿನ ನಾವು ಕೊಟ್ಟ ಆಟೊ, ಟ್ಯಾಕ್ಸಿ ದುಡ್ಡು, ಕಳೆದುಕೊಂಡ ರಜೆ ಯಾವುದೂ ಇಲ್ಲ. ಕಂತು ಮಾತ್ರ ಐದನೇ ತಾರೀಕಿಗೆ ತಪ್ಪದೆ ಕಟ್ಟಾಗುತ್ತದೆ.

ಇದರ ಮೇಲೆ, ನಮ್ಮ ರಸ್ತೆ ಮತ್ತು ಇಂಧನದ ಹೊರೆಯನ್ನೂ ನಮ್ಮ ತಲೆಗೇ ಕಟ್ಟುತ್ತಾರೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದು ಡೀಸೆಲ್ ಕಾರುಗಳಿಗೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಬಂತು. ಹಿಡಿದ ಮಸಿಯನ್ನು ಅದು ಸುಮಾರು 600 ಡಿಗ್ರಿ ಶಾಖದಲ್ಲಿ ಸುಟ್ಟುಕೊಳ್ಳಬೇಕು. ಅದಕ್ಕೆ ಗಾಡಿ ಸ್ವಲ್ಪ ಹೊತ್ತು ಒಂದೇ ಸಮ ವೇಗದಲ್ಲಿ ಓಡಬೇಕು. ಸಿಲ್ಕ್ ಬೋರ್ಡ್, ಹೆಬ್ಬಾಳದ ದಾರಿಯಲ್ಲಿ ದಿನವೂ ಕಚೇರಿಗೆ ಹೋಗುವವರಿಗೆ ಅದು ಹೇಗೆ ಸಾಧ್ಯ? ಫಿಲ್ಟರ್ ಕಟ್ಟಿಕೊಂಡು ಎಚ್ಚರಿಕೆ ದೀಪ ಹತ್ತಿದಾಗ, "ಹೈವೇ ಮೇಲೆ ಒಂದು ರೌಂಡ್ ಹೊಡ್ಕೊಂಡು ಬನ್ನಿ" ಎಂಬ ಸಲಹೆ. ಆಮೇಲೂ ಕಟ್ಟಿಕೊಂಡರೆ "ನಿಮ್ಮ ಯೂಸೇಜ್ ಸಿಟಿ, ವಾರಂಟಿಯಲ್ಲಿ ಬರಲ್ಲ." ಶೋರೂಮಿನಲ್ಲಿ ಕೂತು ಮನೆ ಎಲ್ಲಿ, ಕಚೇರಿ ಎಲ್ಲಿ, ದಿನಕ್ಕೆ ಎಷ್ಟು ಕಿಲೊಮೀಟರ್ ಎಂದು ಕೇಳಿ ಬರೆದುಕೊಂಡೇ ಆ ಡೀಸೆಲ್ ಗಾಡಿ ಮಾರಿದ್ದಲ್ಲವೆ? ಬೆಂಗಳೂರಿನಲ್ಲಿ ಮಾರುವ ಕಾರು ಬೆಂಗಳೂರಿನಲ್ಲಿ ಓಡಬೇಕು. ಪೆಟ್ರೋಲಿನ ಕಥೆಯೂ ಇಷ್ಟೇ. ಶೇ 20 ಎಥನಾಲ್ ಬೆರೆತ ಇಂಧನಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಈಗ ಬಂಕುಗಳಲ್ಲಿ ಸಿಗುವುದು ಅದೇ. ಅದಕ್ಕೂ ಹಿಂದೆ ಕೊಂಡ ಎಷ್ಟೋ ಕಾರುಗಳ ಕೈಪಿಡಿಯಲ್ಲಿ ಶೇ 10ರ ತನಕ ಮಾತ್ರ ಎಂದು ಅಚ್ಚಾಗಿದೆ. ಬಂಕಿನಲ್ಲಿ ಆಯ್ಕೆಯೇ ಇಲ್ಲದವರಿಗೆ "ಎಲ್ಲಿ ಪೆಟ್ರೋಲ್ ಹಾಕಿಸಿದ್ರಿ?" ಎಂದು ಕೇಳುವುದು ಅನ್ಯಾಯ.

ಹೊರಗಿನ ಗ್ಯಾರೇಜಿನವರು ಮುಟ್ಟಿದರೆ ವಾರಂಟಿ ಹೋಯಿತು ಎಂಬ ಹೆದರಿಕೆಯೂ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಭಾರತೀಯ ಸ್ಪರ್ಧಾ ಆಯೋಗ ಇದನ್ನೇ ವಿಚಾರಿಸಿ 2014ರ ಆಗಸ್ಟ್ 25ರಂದು ಆದೇಶ ಕೊಟ್ಟಿದೆ. ಮಾರುತಿ, ಟಾಟಾ, ಮಹೀಂದ್ರಾ, ಹೋಂಡಾ, ಟೊಯೊಟಾ ಸೇರಿ 14 ಕಾರು ಕಂಪನಿಗಳು ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ಮಾಡಿ ಸ್ಪರ್ಧೆಯನ್ನು ಕೊಂದಿವೆ ಎಂದು ತೀರ್ಮಾನಿಸಿ, ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಸ್ವತಂತ್ರ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದು ಮಾಡುವ ಷರತ್ತನ್ನು ಹೇರಬಾರದು ಎಂದೂ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು. ಟೊಯೊಟಾ, ಫೋರ್ಡ್, ನಿಸ್ಸಾನ್ ಹೋಗಿದ್ದ ಮೇಲ್ಮನವಿಯಲ್ಲಿ 2016ರಲ್ಲಿ ದಂಡ ಬಹಳ ಇಳಿಯಿತು, ತಪ್ಪಿನ ತೀರ್ಮಾನ ಮಾತ್ರ ಉಳಿಯಿತು. ಇಷ್ಟಾದರೂ ಕೌಂಟರಿನಲ್ಲಿ ಅದೇ ಹೆದರಿಕೆಯ ವ್ಯಾಪಾರ ನಡೆಯುತ್ತಿದೆ. ಹೆಡ್‌ಲೈಟ್ ಬದಲಿಸಿದವರಿಗೆ "ವೈರಿಂಗ್ ಮುಟ್ಟಿದೀರ, ಎಲೆಕ್ಟ್ರಿಕಲ್ ವಾರಂಟಿ ಹೋಯ್ತು" ಎನ್ನುತ್ತಾರೆ. ಮುಟ್ಟಿದ ವೈರಿಗೂ ಕೆಟ್ಟ ಭಾಗಕ್ಕೂ ಸಂಬಂಧವೇನು ಎಂದು ತೋರಿಸುವ ಹೊಣೆ ಹೇಳಿದವರದಾಗಬೇಕು. ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆಯಡಿ, ತನ್ನ ಬ್ರಾಂಡಿನ ಭಾಗ ಅಥವಾ ತನ್ನದೇ ಸರ್ವೀಸ್ ಬಳಸಿದರೆ ಮಾತ್ರ ವಾರಂಟಿ ಎಂದು ಕಂಪನಿ ಷರತ್ತು ಹಾಕುವಂತಿಲ್ಲ.

"ಇಷ್ಟೆಲ್ಲ ಯಾಕೆ, ಗ್ರಾಹಕರ ಕೋರ್ಟ್ ಇದೆಯಲ್ಲ" ಎನ್ನುವವರಿದ್ದಾರೆ. ಇದೆ, ಮತ್ತು ಅದನ್ನು ಬಳಸಲೇಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಒಳ್ಳೆಯ ಬಾಗಿಲುಗಳನ್ನು ತೆರೆದಿದೆ. ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರು ಬೇಕೆಂದಿಲ್ಲ, 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ಅದರ ಮೇಲೂ ಅಲ್ಪವೇ. ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಆದರೆ ಕಾರಿನ ವಿಷಯಕ್ಕೆ ಬಂದರೆ ಒಳಗೆ ಹೋದ ಮೇಲೆ ಗೋಡೆ ಸಿಗುತ್ತದೆ. ತಯಾರಿಕೆಯ ದೋಷವನ್ನು ತಜ್ಞರ ವರದಿಯಿಂದ ಸಾಬೀತು ಮಾಡುವ ಹೊಣೆ ಕೊಂಡವರ ಮೇಲೆ ಬೀಳುತ್ತದೆ. ಪರೀಕ್ಷೆಯ ಶುಲ್ಕವನ್ನು ದೂರುದಾರರಿಂದ ಕಟ್ಟಿಸಿಕೊಳ್ಳಲು ಕಾಯ್ದೆಯಲ್ಲೇ ಅವಕಾಶವಿದೆ. ಗೇರ್‌ಬಾಕ್ಸಿನ ಸಾಫ್ಟ್‌ವೇರ್ ಕಂಪನಿಯ ಹತ್ತಿರ, ಸ್ಕ್ಯಾನರ್ ಕಂಪನಿಯ ಹತ್ತಿರ, ಅದೇ ದೋಷದ ಉಳಿದ ಸಾವಿರ ದೂರುಗಳ ಕಡತ ಕಂಪನಿಯ ಹತ್ತಿರ. ಸಾಬೀತು ಮಾಡಬೇಕಾದವರು ತೀರ್ಥಹಳ್ಳಿಯ ಟೀಚರ್.

ಹೊಸ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆ ಎಂಬ ಪ್ರತ್ಯೇಕ ಅಧ್ಯಾಯವೇ ಇದೆ, ಸಂತೋಷ. ಆದರೆ 'ಹಾನಿ' ಎಂದರೇನು ಎಂದು ವಿವರಿಸುವಾಗ, ಆ ವಸ್ತುವಿಗೇ ಆದ ಹಾನಿಯನ್ನು ಅದರಿಂದ ಹೊರಗಿಟ್ಟಿದ್ದಾರೆ. ಅಂದರೆ ಕೆಟ್ಟ ಕಾರು ಕೊಂಡವರು ಅದರಿಂದ ಗಾಯಗೊಂಡರೆ ಈ ಅಧ್ಯಾಯ ಕೈಹಿಡಿಯುತ್ತದೆ. ಕಾರು ಬರೀ ಕೆಟ್ಟು ನಿಂತಿದ್ದರೆ ಇದು ಉಪಯೋಗಕ್ಕಿಲ್ಲ, ಹಳೆಯ ದಾರಿಯಲ್ಲೇ ಹೋಗಬೇಕು. ಹಳೆಯ ದಾರಿಯಲ್ಲಿ 2006ರ ಸುಪ್ರೀಂ ಕೋರ್ಟ್ ತೀರ್ಪೊಂದು ನಿಂತಿದೆ. ಮಾರುತಿ ಕಾರೊಂದರ ಪ್ರಕರಣದಲ್ಲಿ, ವಾರಂಟಿಯಲ್ಲಿ ದೋಷದ ಭಾಗವನ್ನು ಬದಲಿಸುವ ಮಾತಷ್ಟೇ ಇರುವಾಗ ಇಡೀ ಕಾರನ್ನು ಬದಲಿಸಿ ಎನ್ನಲಾಗದು ಎಂದು ಅದು ಹೇಳಿತು. ಷರತ್ತು ಬರೆದವರು ಯಾರು? ಕಂಪನಿಯವರೇ. ಇನ್ನೊಂದು ಕಡೆ, ಗೋವಾದ ಡೀಲರ್ ಒಬ್ಬರು ಹಳೆಯ ವರ್ಷದ, ಆಗಲೇ ಓಡಿದ ಕಾರನ್ನು ಹೊಸದೆಂದು ಮಾರಿದ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್, ಡೀಲರ್ ಸ್ವತಂತ್ರ ವ್ಯಾಪಾರಿ, ತನಗೆ ಗೊತ್ತಿಲ್ಲದ ಅವನ ತಪ್ಪಿಗೆ ತಯಾರಕ ಹೊಣೆಯಲ್ಲ ಎಂದಿತು. ಬೋರ್ಡಿನ ಮೇಲೆ ಕಂಪನಿಯ ಹೆಸರು, ಹುಡುಗರ ಅಂಗಿಯ ಮೇಲೆ ಕಂಪನಿಯ ಗುರುತು, ಹೊಣೆ ಹೊರುವ ಹೊತ್ತಿಗೆ ಇಬ್ಬರೂ ಬೇರೆಬೇರೆ. ಕಾನೂನಿನ ತರ್ಕ ಏನೇ ಇರಲಿ, ಆ ಹೆಸರು ನೋಡಿ ಒಳಗೆ ಕಾಲಿಟ್ಟ ಮನುಷ್ಯನಿಗೆ ಇದು ನ್ಯಾಯವೆನಿಸುವುದಿಲ್ಲ, ನನಗೂ ಅನಿಸುವುದಿಲ್ಲ.

"ಕಡಿಮೆ ಬೆಲೆಯ ಗಾಡಿ ಕೊಂಡರೆ ಹೀಗೇ" ಎಂಬ ಮಾತಿಗೂ ಉತ್ತರವಿದೆ. ಹೈದರಾಬಾದಿನ ಸಂಸ್ಥೆಯೊಂದು 2009ರ ಸೆಪ್ಟೆಂಬರ್‌ನಲ್ಲಿ ಬಿಎಂಡಬ್ಲ್ಯು 7 ಸರಣಿಯ ಕಾರು ಕೊಂಡಿತು. ಕೆಲವೇ ದಿನಗಳಲ್ಲಿ ದೋಷ ಕಾಣಿಸಿತು. ಪೊಲೀಸ್ ದೂರು, ಹೈಕೋರ್ಟು, ಬದಲಿ ಕಾರು ಕೊಡುವ ಆದೇಶ, ಬದಲಿ ಬೇಡ ಹಣ ಬೇಕೆಂಬ ವಾದ ಎಲ್ಲ ದಾಟಿ, ಪೂರ್ತಿ ಇತ್ಯರ್ಥಕ್ಕೆ 50 ಲಕ್ಷ ರೂಪಾಯಿ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಜುಲೈನಲ್ಲಿ. ಅಂಥ ಕಾರು ಕೊಳ್ಳುವವರಿಗೇ ಹದಿನೈದು ವರ್ಷ ಹಿಡಿದರೆ, ಸಹಕಾರಿ ಬ್ಯಾಂಕಿನ ಸಾಲದ ಮೇಲೆ ಹ್ಯಾಚ್‌ಬ್ಯಾಕ್ ತಂದವರು ಏನು ಮಾಡಬೇಕು?

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕಲಬುರಗಿಯಲ್ಲಿ ಓಲಾ ಎಲೆಕ್ಟ್ರಿಕ್ ಸ್ಕೂಟರ್ ಕೊಂಡ ಯುವಕನೊಬ್ಬ, ಹೊಸ ಗಾಡಿಯ ರಿಪೇರಿಗೆ ಅಲೆದು ರೋಸಿಹೋಗಿ ಶೋರೂಮಿಗೇ ಬೆಂಕಿ ಹಚ್ಚಿದ. ಗಾಡಿ ಕೊಂಡು ಒಂದು ತಿಂಗಳೂ ಆಗಿರಲಿಲ್ಲ. ಅವನು ಮಾಡಿದ್ದು ಅಪರಾಧ, ಒಳಗೆ ಯಾರಾದರೂ ಇದ್ದಿದ್ದರೆ ಕೊಲೆಯಾಗುತ್ತಿತ್ತು. ಆದರೆ ಒಬ್ಬ ತಲೆಕೆಟ್ಟವನ ಕಥೆಯೆಂದು ಅದನ್ನು ತಳ್ಳಿಹಾಕಲು ಬರುವುದಿಲ್ಲ. ಅದೇ ಕಂಪನಿಯ ಮೇಲೆ 2023ರ ಸೆಪ್ಟೆಂಬರ್‌ನಿಂದ 2024ರ ಆಗಸ್ಟ್‌ವರೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ 10,644 ದೂರುಗಳು ಬಂದಿದ್ದವು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅಕ್ಟೋಬರ್‌ನಲ್ಲಿ ನೋಟಿಸ್ ಕೊಟ್ಟ ಮೇಲೆ, ಶೇ 99.1ರಷ್ಟು ದೂರು ಪರಿಹರಿಸಿದ್ದೇವೆ ಎಂದು ಕಂಪನಿ ಹೇಳಿತು. ನೋಟಿಸ್ ಬರುವ ತನಕ ಕಾಯಬೇಕಿತ್ತೆ ಎಂಬುದು ನನ್ನ ಪ್ರಶ್ನೆ.

ಅದೃಷ್ಟದ ಮಾತನ್ನು ಕಾನೂನಿನಿಂದ ಹೊರಹಾಕಿದ ದೇಶಗಳಿವೆ. ಅಮೆರಿಕದ ಕನೆಕ್ಟಿಕಟ್ ರಾಜ್ಯ 1982ರಲ್ಲೇ ಲೆಮನ್ ಕಾಯ್ದೆ ತಂದಿತು. ಒಂದೇ ದೋಷಕ್ಕೆ ನಾಲ್ಕು ಸಲ ರಿಪೇರಿಯಾಗಿಯೂ ಸರಿಹೋಗದಿದ್ದರೆ, ಇಲ್ಲವೇ ಗಾಡಿ ಒಟ್ಟು 30 ದಿನ ವರ್ಕ್‌ಶಾಪಿನಲ್ಲೇ ಉಳಿದಿದ್ದರೆ, ಕಂಪನಿಗೆ ಸಾಕಷ್ಟು ಅವಕಾಶ ಸಿಕ್ಕಾಗಿದೆ ಎಂದು ಕಾನೂನೇ ಭಾವಿಸುತ್ತದೆ. ಆಮೇಲೆ ಬದಲಿ ಕಾರು ಅಥವಾ ಹಣ. ಶ್ರೀಮಂತ ದೇಶಗಳ ಸೌಕರ್ಯ ಎನ್ನುವವರು ಫಿಲಿಪ್ಪೀನ್ಸ್ ನೋಡಲಿ. ಅಲ್ಲಿ 2014ರಿಂದ ಅಂಥ ಕಾಯ್ದೆಯಿದೆ: 12 ತಿಂಗಳು ಅಥವಾ 20,000 ಕಿಲೊಮೀಟರ್ ಒಳಗೆ, ಒಂದೇ ದೂರಿಗೆ ನಾಲ್ಕು ಪ್ರಯತ್ನ. ಚೀನಾದಲ್ಲಿ 2013ರ ಅಕ್ಟೋಬರ್‌ನಿಂದ ಜಾರಿಗೆ ಬಂದ ನಿಯಮದಲ್ಲಿ ರಿಪೇರಿಯ ದಿನ ಒಟ್ಟು 35 ದಾಟಿದರೆ ಬದಲಿ ಗಾಡಿ ಕೇಳುವ ಹಕ್ಕು ಇತ್ತು. ಎಣಿಸಲು ಬರುವ ಅಂಕಿಗಳು ಇವು. ತಜ್ಞರು ಬೇಡ, ಲ್ಯಾಬ್ ಬೇಡ, ಎಷ್ಟು ಸಲ ಹೋಯಿತು, ಎಷ್ಟು ದಿನ ನಿಂತಿತು ಎಂದು ಜಾಬ್ ಕಾರ್ಡುಗಳೇ ಹೇಳುತ್ತವೆ. ಯಾರು ಹೇಗೆ ಓಡಿಸಿದರು ಎಂಬ ವಾದವಿದ್ದರೆ ಅದನ್ನು ಕಂಪನಿ ಸಾಬೀತು ಮಾಡಲಿ.

ಭಾರತಕ್ಕೆ ಬೇಕಾಗಿರುವುದು ಇಷ್ಟು ನೇರವಾದ ಕಾಯ್ದೆ. ಅದರಲ್ಲಿ ಗಾಡಿ ನಿಂತಷ್ಟು ದಿನಕ್ಕೆ ಬದಲಿ ಗಾಡಿ ಅಥವಾ ದಿನಬಾಡಿಗೆ ಇರಬೇಕು. ಹಣ ವಾಪಸ್ ಎಂದರೆ ಶೋರೂಮ್ ಬೆಲೆಯೊಂದೇ ಆಗಬಾರದು. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ಶೇ 17ರಷ್ಟು ಜೀವಿತಾವಧಿ ತೆರಿಗೆ, ಅದರ ಮೇಲೆ ಸೆಸ್ ಕಟ್ಟಿರುತ್ತೇವೆ. ಆ ಹೊರೆ ದೋಷದ ಗಾಡಿ ಮಾಡಿದವರ ಮೇಲೆ ಬೀಳಬೇಕು. ಅಮೆರಿಕದಲ್ಲಿ ಒಂದು ಮಾಡೆಲಿನ ಸಾಮಾನ್ಯ ದೋಷ, ಅದಕ್ಕೆ ಮಾಡಬೇಕಾದ ರಿಪೇರಿ ಕುರಿತು ಕಂಪನಿ ಡೀಲರುಗಳಿಗೆ ಕಳಿಸುವ ಸುತ್ತೋಲೆಗಳು ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆಯ ತಾಣದಲ್ಲಿ ಜನರಿಗೆ ಸಿಗುತ್ತವೆ. ಇಲ್ಲಿ ಅವು ವರ್ಕ್‌ಶಾಪಿನ ಕಂಪ್ಯೂಟರಿನಲ್ಲೇ ಉಳಿಯುತ್ತವೆ. ದೂರಿದವರಿಗೆ ಮಾತ್ರ ಸದ್ದಿಲ್ಲದೆ ಹೊಸ ಭಾಗ, ದೂರು ಕೊಡದವರಿಗೆ ವಾರಂಟಿ ಮುಗಿದ ಮೇಲೆ ಬಿಲ್ಲು. ಆ ಸುತ್ತೋಲೆಗಳನ್ನು ಬಹಿರಂಗ ಮಾಡಲು ಹೊಸ ಕಾಯ್ದೆಯೂ ಬೇಕಿಲ್ಲ, ಸಚಿವಾಲಯದ ಒಂದು ಅಧಿಸೂಚನೆ ಸಾಕು ಎಂಬುದು ನನ್ನ ನಂಬಿಕೆ.

ಅಲ್ಲಿಯ ತನಕ ಕೈಯಲ್ಲಿರುವುದನ್ನು ಬಳಸೋಣ. 2021ರ ಏಪ್ರಿಲ್ 1ರಿಂದ, ಏಳು ವರ್ಷದೊಳಗಿನ ವಾಹನಗಳಲ್ಲಿ ಸುರಕ್ಷತೆಗೆ ಸಂಬಂಧಿಸಿದ ದೋಷದ ದೂರುಗಳು ನಿಗದಿತ ಸಂಖ್ಯೆ ಮುಟ್ಟಿದರೆ ಸರ್ಕಾರವೇ ತನಿಖೆ ಮಾಡಿ ಗಾಡಿಗಳನ್ನು ವಾಪಸ್ ಕರೆಸಬಹುದು, 1 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ದೂರು ದಾಖಲಿಸಲು ಪರಿವಾಹನ್ ತಾಣದಲ್ಲೇ ಜಾಗವಿದೆ. ಆ ಸಂಖ್ಯೆ ಮುಟ್ಟಬೇಕಾದರೆ ಪ್ರತಿಯೊಬ್ಬರೂ ಬರೆಯಬೇಕು. "ನನ್ನ ಗ್ರಹಚಾರ" ಎಂದು ಸುಮ್ಮನಾದವರು ಆ ಎಣಿಕೆಗೆ ಸೇರುವುದಿಲ್ಲ, ಅವರಂಥ ಸಾವಿರ ಜನ ಬೇರೆಬೇರೆ ಊರುಗಳಲ್ಲಿ ಸುಮ್ಮನಿದ್ದರೆ ಕಂಪನಿಯ ಕಡತದಲ್ಲಿ ದೋಷವೇ ಇಲ್ಲ. 1915ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಸರ್ವೀಸಿಗೆ ಬಿಡುವಾಗ ಜಾಬ್ ಕಾರ್ಡಿನಲ್ಲಿ "ಜನರಲ್ ಚೆಕಪ್" ಎಂದು ಬರೆದಿದ್ದರೆ ಸಹಿ ಮಾಡಬೇಡಿ. ಗಾಡಿ ಎಲ್ಲಿ, ಎಷ್ಟು ವೇಗದಲ್ಲಿ, ಎಷ್ಟು ಸಲ ಏನು ಮಾಡಿತು ಎಂದು ನಿಮ್ಮ ಮಾತಿನಲ್ಲೇ, ಕನ್ನಡದಲ್ಲೇ ಆದರೂ ಸರಿ, ಬರೆಸಿ, ಪ್ರತಿ ಇಸಿದುಕೊಂಡ ಮೇಲೆ ಕೀಲಿ ಕೊಡಿ.